ಬೇಗಂಪೇಟೆಯಲ್ಲಿ ಸೊಳ್ಳೆಯ ಗುಟ್ಟನ್ನು ಕಂಡ ಸರ್ ರೊನಾಲ್ಡ್ ರಾಸ್

ಮಳೆಗಾಲವು ಕಾಲಿಟ್ಟಿತೆಂದರೆ ಅಮೀರ್‌ಪೇಟೆಯ ಓಣಿಗಳಲ್ಲಿ ನೆಲೆಸಿರುವ ನಮ್ಮ ಬಾಂಧವರ ಮನೆಗಳಲ್ಲಿ ಒಂದಿಲ್ಲೊಂದು ಮಗು ಜ್ವರದಿಂದ ಮಲಗುವುದು ವಾಡಿಕೆಯಾಗಿದೆ. ಹೋಟೆಲಿನಲ್ಲಿ ದುಡಿಯುವ ತಂದೆ ಬೆಳಗಿನ ಜಾವ ಎದ್ದು ಹೋದರೆ ಮಗುವು ಮಲಗಿದ ಮೇಲೆ ಹಿಂದಿರುಗುತ್ತಾನೆ. ಆಫೀಸಿನ ಗುಮಾಸ್ತನಿಗೆ ರಜೆಯ ಚಿಂತೆ. ಊರಿನಲ್ಲಿ ಅಜ್ಜಿಯೋ ಅತ್ತೆಯೋ ಇದ್ದು ನೋಡಿಕೊಳ್ಳುತ್ತಿದ್ದ ಕೂಸನ್ನು ಇಲ್ಲಿ ತಾಯಿಯೊಬ್ಬಳೇ ಕಾಯಬೇಕು. ನಲ್ಲಿಯ ನೀರು ಪ್ರತಿದಿನವೂ ಬರುವ ನಂಬಿಕೆಯಿಲ್ಲವಾದುದರಿಂದ ಡ್ರಮ್ಮು, ಕೊಡ, ಬಕೆಟ್ಟುಗಳಲ್ಲಿ ನೀರನ್ನು ತುಂಬಿಸಿಡದೆ ಗತ್ಯಂತರವಿಲ್ಲ. ಹಾಗೆ ತುಂಬಿಸಿಟ್ಟ ನೀರೇ ಜ್ವರವನ್ನು ಹೊತ್ತು ತರುವ ಸೊಳ್ಳೆಗೆ ತೊಟ್ಟಿಲಾಗುತ್ತದೆ.

ಈ ಮಾತು ಇಂದು ಶಾಲೆಯ ಹುಡುಗನಿಗೂ ಗೊತ್ತು. ಆದರೆ 1897ಕ್ಕೆ ಮುಂಚೆ ಜಗತ್ತಿನ ಯಾವ ವೈದ್ಯನಿಗೂ ಚಳಿಜ್ವರಕ್ಕೆ ಸೊಳ್ಳೆಯೇ ವಾಹನವೆಂಬುದು ನಿಶ್ಚಯವಾಗಿ ತಿಳಿದಿರಲಿಲ್ಲ. ಅದನ್ನು ಮೊತ್ತಮೊದಲು ಕಣ್ಣಾರೆ ಕಂಡ ಸ್ಥಳವು ನಾವಿರುವ ಅಮೀರ್‌ಪೇಟೆಯಿಂದ ಎರಡು ಮೂರು ಮೈಲಿಗಿಂತ ಹೆಚ್ಚು ದೂರದಲ್ಲಿಲ್ಲ. ಕಂಡವರು ರೊನಾಲ್ಡ್ ರಾಸ್ ಎಂಬ ಸೈನ್ಯದ ಡಾಕ್ಟರು. ಇವರ ಜೀವಿತದಲ್ಲಿ ನಮ್ಮ ಬೆಂಗಳೂರಿಗೂ ಪಾಲುಂಟು. ಮಕ್ಕಳೊಂದಿಗರಾದ ನಮ್ಮ ವಾಚಕರು ಈ ಚರಿತ್ರೆಯನ್ನು ಅರಿತಿರುವುದು ಒಳ್ಳೆಯದೆಂದು ಬಗೆದು ಇಲ್ಲಿ ಬರೆಯುತ್ತಿದ್ದೇವೆ.

ರಾಸರು ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ, 1857ನೆಯ ಇಸವಿ ಮೇ 13ರಂದು. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗಲೇ ಮೂರು ದಿನಗಳಾಗಿದ್ದುವು. ತಂದೆ ಕಂಪೆನಿಯ ಸೈನ್ಯದ ಅಧಿಕಾರಿ, ಮುಂದೆ ಜನರಲ್ ಪದವಿಗೇರಿದವರು. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯವನು. ಎಂಟನೆಯ ವಯಸ್ಸಿನಲ್ಲಿ ಹುಡುಗನನ್ನು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಕಳುಹಿಸಿದರು. ತಾಯ್ತಂದೆಯರಿಂದ ದೂರವಾಗಿ ಬಂಧುಗಳ ಆಶ್ರಯದಲ್ಲಿ ಬೆಳೆದ ಈ ಬಾಲಕನಿಗೆ ಚಿತ್ರ, ಸಂಗೀತ, ಕಾವ್ಯ, ಗಣಿತ ಇವುಗಳಲ್ಲಿ ಆಸಕ್ತಿ. ವೈದ್ಯ ವಿದ್ಯೆಯಲ್ಲಿ ಲೇಶಮಾತ್ರವೂ ಇರಲಿಲ್ಲ. ತಂದೆಯ ಹಟವೇ ಗೆದ್ದಿತು. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ತೊಲೊಮ್ಯೂ ಆಸ್ಪತ್ರೆಯ ವಿದ್ಯಾಶಾಲೆಗೆ ಸೇರಿದ ತರುಣನು ಪಾಠಕ್ಕಿಂತ ಪದ್ಯ ನಾಟಕಗಳಲ್ಲಿಯೇ ಹೆಚ್ಚು ಕಾಲವನ್ನು ಕಳೆದನು. ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಇನ್ನೊಂದರಲ್ಲಿ ಬಿದ್ದು, ಕೆಲಕಾಲ ಹಡಗಿನ ಡಾಕ್ಟರಾಗಿ ತಿರುಗಿ, 1881ರಲ್ಲಿ ಹೇಗೋ ಭಾರತದ ವೈದ್ಯಕೀಯ ಸೇವೆಗೆ ಆಯ್ಕೆಯಾದನು. ಮದರಾಸ್ ಪ್ರಾಂತವು ಬಾಯಿಗೆ ಬಂತು. ತಂದೆಯ ಒತ್ತಾಯಕ್ಕೆ ಓದಿದವನು ಕೆಟ್ಟುಹೋಗುತ್ತಾನೆಂದು ನಮ್ಮಲ್ಲಿ ಹೇಳುವುದುಂಟು. ಈತನ ವಿಷಯದಲ್ಲಿ ಆ ಮಾತು ಸುಳ್ಳಾಯಿತು. ಆದರೆ ಸುಳ್ಳಾಗಲು ಹದಿನಾರು ವರ್ಷಗಳು ಹಿಡಿದುವು.

1883ರಲ್ಲಿ ರಾಸರಿಗೆ ಬೆಂಗಳೂರಿನ ದಂಡಿನ ವೈದ್ಯಾಧಿಕಾರವು ದೊರೆಯಿತು. ಹವೆಯು ಹಿತ, ಕೆಲಸವು ಕಡಿಮೆ, ವಾಸಕ್ಕೆ ಬಂಗಲೆ. ಎಲ್ಲವೂ ಸೊಗಸಾಗಿತ್ತು, ಸೊಳ್ಳೆಯೊಂದರ ಹೊರತು. ಬೇರೆ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿಯೇ ಸೊಳ್ಳೆ ಹೆಚ್ಚೇಕೆಂದು ಹುಡುಕಿದಾಗ ಕಿಟಕಿಯ ಹೊರಗೆ ನೀರು ತುಂಬಿದ ಒಂದು ಬಾನಿಯು ಕಣ್ಣಿಗೆ ಬಿತ್ತು. ಒಳಗೆ ಇಣುಕಿದರೆ ನೀರಿನ ತುಂಬ ಕೊಂಕಾಡುವ ಮರಿಹುಳುಗಳು. ರಾಸರು ಬಾನಿಯನ್ನು ಕವುಚಿಹಾಕಿಸಿದರು. ಕೆಲವೇ ದಿನಗಳಲ್ಲಿ ಸೊಳ್ಳೆಯ ಕಾಟವು ಬಹಳಷ್ಟು ಇಳಿಯಿತು. ಇದರಿಂದ ಉತ್ಸಾಹಗೊಂಡು, ಅಧಿಕಾರಿಗಳ ಭೋಜನಶಾಲೆಯ ಸುತ್ತಲಿನ ಬಾನಿಗಳನ್ನೂ ಹೂಕುಂಡದ ನೀರನ್ನೂ ಚೆಲ್ಲಿಸೋಣವೆಂದು ಮೇಲ್ವಿಚಾರಕನಾದ ಅಧಿಕಾರಿಗೆ ಸೂಚಿಸಿದರು. ಆ ಮಹಾಶಯನು ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಯು ಯಾವುದೋ ಉದ್ದೇಶಕ್ಕಾಗಿಯೇ ಇರುವುದು, ಅದನ್ನು ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂಬ ಅರ್ಥದ ಉತ್ತರವನ್ನು ಕೊಟ್ಟನಂತೆ.

ಈ ಪ್ರಸಂಗದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸೊಳ್ಳೆಯು ರೋಗವನ್ನು ತರುವುದೆಂದು ಆಗಿನ್ನೂ ರಾಸರಿಗೂ ತಿಳಿಯದು. ಅವರಿಗೆ ಬೇಕಾಗಿದ್ದುದು ರಾತ್ರಿಯ ನಿದ್ರೆ ಮಾತ್ರ. ಆದರೂ ಮನೆಯ ಸೊಳ್ಳೆಯು ಬಹುಮಟ್ಟಿಗೆ ಮನೆಯ ನೀರಿನಲ್ಲಿಯೇ ಹುಟ್ಟುತ್ತದೆ, ಆ ನೀರನ್ನು ಚೆಲ್ಲಿದರೆ ಸೊಳ್ಳೆಯು ಅಡಗುತ್ತದೆ ಎಂಬ ಸತ್ಯವು ಬೆಂಗಳೂರಿನ ಆ ಬಾನಿಯಲ್ಲಿಯೇ ಅವರಿಗೆ ಗೋಚರವಾಯಿತು. ಮೊಟ್ಟೆಯಿಟ್ಟಂದಿನಿಂದ ಸೊಳ್ಳೆಯು ರೆಕ್ಕೆ ಬಿಚ್ಚಿ ಹಾರಲು ಸೆಕೆಯ ದಿನಗಳಲ್ಲಿ ಸುಮಾರು ಏಳರಿಂದ ಹತ್ತು ದಿನಗಳು ಸಾಕು. ಆದಕಾರಣ ವಾರಕ್ಕೊಮ್ಮೆ ಪಾತ್ರೆಯ ನೀರನ್ನು ಪೂರ್ತಿ ಚೆಲ್ಲಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಒಣಗಿಸಿ ಮತ್ತೆ ತುಂಬಬೇಕು. ತಿಕ್ಕದೆ ಬರಿದೆ ನೀರು ಚೆಲ್ಲಿದರೆ, ಡೆಂಗಿಯ ಸೊಳ್ಳೆಯ ಮೊಟ್ಟೆಯು ಗೋಡೆಗೆ ಅಂಟಿಕೊಂಡೇ ಉಳಿದು, ತಿಂಗಳುಗಳ ಮೇಲೆ ನೀರು ಸೋಕಿದರೂ ಮರಿಯಾಗುತ್ತದೆ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಹಂಡೆ ಬಾನಿಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿಸುವುದು ಗಿರಾಕಿಗಳ ಕಣ್ಣಿಗೆ ಚೆಂದ ಕಾಣಲೆಂದು. ಹಿತ್ತಿಲಿನ ಡ್ರಮ್ಮಿನತ್ತ ಯಾರ ಗಮನವೂ ಹರಿಯುವುದು ಅಪರೂಪ. ಇಂದಿಗೂ ಬಹು ಕಡೆ ಸ್ಥಿತಿಯು ಬದಲಾಗಿಲ್ಲವೆಂಬುದನ್ನು ಹೋಟೆಲಿನ ನಮ್ಮ ಮಿತ್ರರು ಒಪ್ಪಿಯಾರು.

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಬರ್ಮಾ, ಅಂಡಮಾನ್ ಮುಂತಾದೆಡೆ ನೌಕರಿ. ಕಾದಂಬರಿ ಪದ್ಯಗಳ ಬರೆವಣಿಗೆ. 1889ರಲ್ಲಿ ರಜೆಯ ಮೇಲೆ ಹೋದಾಗ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಮತ್ತು ವಿವಾಹ. ಹಿಂದಿರುಗಿ ಬಂದು ಮತ್ತೆ ಬೆಂಗಳೂರು. ಫ್ರೆಂಚ್ ಸೈನ್ಯದ ವೈದ್ಯರಾದ ಲಾವೆರಾನ್ ಎಂಬವರು 1880ರಲ್ಲಿಯೇ ಅಲ್ಜೀರಿಯದಲ್ಲಿ ಚಳಿಜ್ವರದ ರೋಗಿಯ ರಕ್ತದಲ್ಲಿ ಕೀಟಾಣುವನ್ನು ಕಂಡಿದ್ದರು. ರಾಸರು ಎಷ್ಟು ಹುಡುಕಿದರೂ ಅವರಿಗೆ ಅದು ಕಾಣಿಸಲಿಲ್ಲ. ಅಂತಹ ಕೀಟಾಣುವೇ ಇಲ್ಲವೆಂದು ವಾದ ಹೂಡಿದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಅದನ್ನು ತೋರಿಸಿಕೊಟ್ಟು, ಈ ಕೀಟಾಣುವನ್ನು ಸೊಳ್ಳೆಯು ಒಯ್ಯುತ್ತಿರಬಹುದೆಂಬ ತಮ್ಮ ಊಹೆಯನ್ನು ತಿಳಿಸಿದರು. ಅಂದಿನಿಂದ ರಾಸರಿಗೆ ಬೇರೆ ಚಿಂತೆಯೇ ಇಲ್ಲವಾಯಿತು.

1895ರಲ್ಲಿ ರಾಸರು ಸಿಕಂದರಾಬಾದಿಗೆ ಬಂದಿಳಿದರು. ಆಗ ಮ್ಯಾನ್ಸನ್ನರ ಊಹೆಯು ಅರ್ಧ ನಿಜ, ಅರ್ಧ ತಪ್ಪು. ರೋಗಿಯ ರಕ್ತವನ್ನು ಹೀರಿದ ಸೊಳ್ಳೆಯು ನೀರಿನಲ್ಲಿ ಸತ್ತು ಬೀಳುವುದೆಂದೂ ಆ ನೀರನ್ನು ಕುಡಿದವರಿಗೆ ಜ್ವರ ಬರುವುದೆಂದೂ ಅವರು ಎಣಿಸಿದ್ದರು. ಇದನ್ನು ಪರೀಕ್ಷಿಸಲು ರಾಸರು ಸೊಳ್ಳೆ ಸತ್ತ ನೀರನ್ನು ಲಕ್ಷ್ಮಣನೆಂಬ ಸೇವಕನಿಗೆ ಕುಡಿಯಕೊಟ್ಟರು. ಆತನಿಗೆ ಅಲ್ಪ ಜ್ವರವು ಬಂದು ಹೋಯಿತು. ಮತ್ತೆ ಮತ್ತೆ ಮಾಡಿದ ಪರೀಕ್ಷೆಗಳಲ್ಲಿ ಏನೂ ಸಿದ್ಧವಾಗಲಿಲ್ಲ. ಬಡ ಸೇವಕನಿಗೆ ಇಂತಹ ನೀರನ್ನು ಕುಡಿಸುವುದು ಇಂದಿನ ವೈದ್ಯ ಧರ್ಮಕ್ಕೆ ಒಪ್ಪುವ ಕಾರ್ಯವಲ್ಲ. ದೊಡ್ಡವರ ಚರಿತ್ರೆಯನ್ನು ಬರೆಯುವಾಗ ಇಂತಹುದನ್ನು ಮುಚ್ಚಿಡಬಾರದೆಂದು ನಮ್ಮ ಅಭಿಪ್ರಾಯ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಾವಳಿಯೆದ್ದಿತು. ಸಪ್ಟೆಂಬರಿನಲ್ಲಿ ರಾಸರನ್ನು ಅಲ್ಲಿಗೆ ಕಳುಹಿಸಿದರು. ಬಾವಿ, ಚರಂಡಿ, ಕೊಳೆಗೇರಿಗಳನ್ನು ಸುತ್ತಿ ನೈರ್ಮಲ್ಯದ ವ್ಯವಸ್ಥೆ ಮಾಡುವುದರಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಕಳೆಯಿತು. ಸೊಳ್ಳೆಯ ಸಂಶೋಧನೆಗೆ ವಿಘ್ನವಾಯಿತೆಂದು ಅವರು ಕೊರಗಿದರಾದರೂ, ಊರಿನ ಆರೋಗ್ಯವೆಂಬುದು ಔಷಧದ ಸೀಸೆಯಲ್ಲಿರದೆ ನೀರು, ಚರಂಡಿ, ಕಸ ಇವುಗಳಲ್ಲಿರುವುದೆಂಬುದನ್ನು ಅವರು ಪ್ರತ್ಯಕ್ಷವಾಗಿ ಕಂಡದ್ದು ಇಲ್ಲಿಯೇ. 1897ರ ಬೇಸಗೆಯಲ್ಲಿ ಉದಕಮಂಡಲದ ಬಳಿಯ ಸೀಗೂರು ಕಣಿವೆಗೆ ಹೋಗಿ ಬಂದಾಗ ಸ್ವತಃ ಅವರಿಗೇ ಮಲೇರಿಯ ತಗುಲಿತು. ಚೇತರಿಸಿಕೊಂಡು ಜೂನ್ ತಿಂಗಳಿನಲ್ಲಿ ಸಿಕಂದರಾಬಾದಿಗೆ ಹಿಂದಿರುಗಿದರು.

ಆ ಸಲದ ಸೆಕೆಯು ವಿಪರೀತ. ಬೇಗಂಪೇಟೆಯ ಕಟ್ಟಡದಲ್ಲಿ ಕುಳಿತು ರಾಸರು ಸೊಳ್ಳೆಗಳನ್ನು ಒಂದೊಂದಾಗಿ ಸೂಜಿಯ ಮೊನೆಯಿಂದ ಬಿಡಿಸಿ ಪರೀಕ್ಷಿಸುತ್ತಿದ್ದರು. ಪಂಖಾ ಎಳೆಸಿದರೆ ಸೊಳ್ಳೆಯ ಅಂಗಾಂಗಗಳು ಹಾರಿಹೋಗುವುವೆಂದು ಪಂಖಾ ಬೇಡವೆಂದರು. ಹಣೆಯ ಬೆವರು ತೊಟ್ಟಿಕ್ಕಿ ಸೂಕ್ಷ್ಮದರ್ಶಕದ ತಿರುಪುಗಳಿಗೆ ತುಕ್ಕು ಹಿಡಿಯಿತು. ಅದರ ಉಳಿದೊಂದು ಗಾಜು ಬಿರುಕು ಬಿಟ್ಟಿತ್ತು. ಸಣ್ಣ ನೊಣಗಳು ಕಣ್ಣಿಗೂ ಕಿವಿಗೂ ಮುತ್ತಿಕೊಳ್ಳುತ್ತಿದ್ದುವು. ಭಟ್ಟಿಯ ಮುಂದೆ ನಿಂತು ದುಡಿಯುವ ನಮ್ಮ ಅಡಿಗೆಯವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂರಾರು ಸೊಳ್ಳೆಗಳನ್ನು ಸೀಳಿದರೂ ಫಲವಿಲ್ಲ. ಕಾರಣವೇನೆಂದರೆ ಅದುವರೆಗೆ ಅವರು ಪರೀಕ್ಷಿಸಿದ ಬೂದು ಬಣ್ಣದ ಮತ್ತು ಪಟ್ಟೆ ಪಟ್ಟೆಯ ಸೊಳ್ಳೆಗಳಲ್ಲಿ ಮನುಷ್ಯರ ಮಲೇರಿಯ ಬೆಳೆಯುವುದೇ ಇಲ್ಲ.

ಆಗಸ್ಟ್ ತಿಂಗಳ ನಡುವೆ ಸಹಾಯಕನೊಬ್ಬನು ಬೇರೊಂದು ಜಾತಿಯ ಮರಿಹುಳುಗಳನ್ನು ತಂದುಕೊಟ್ಟನು. ಅವುಗಳಿಂದ ರೆಕ್ಕೆಯಲ್ಲಿ ಚುಕ್ಕೆಯುಳ್ಳ ಕಂದು ಸೊಳ್ಳೆಗಳು ಹೊರಬಂದುವು. ಇಂದು ಇವನ್ನು ಅನಾಫಿಲೀಸ್ ಎನ್ನುತ್ತಾರೆ. ಆಗಸ್ಟ್ 16ರಂದು ಹುಸೇನ್ ಖಾನನೆಂಬ ಮಲೇರಿಯ ರೋಗಿಯನ್ನು ಪರದೆಯೊಳಗೆ ಮಲಗಿಸಿ ಈ ಸೊಳ್ಳೆಗಳನ್ನು ಬಿಟ್ಟರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಆತನಿಗೆ ಹತ್ತಾಣೆಯ ಸಂಭಾವನೆ ಸಂದಿತು. ಮುಂದಿನ ದಿನಗಳಲ್ಲಿ ಕೆಲವು ಸೊಳ್ಳೆಗಳು ಸತ್ತುವು, ಕೆಲವನ್ನು ಸೀಳಿ ನೋಡಿದ್ದಾಯಿತು. ಆಗಸ್ಟ್ 20ರ ದಿನ, ಇನ್ನು ಉಳಿದಿರುವುದು ಕೈಬೆರಳೆಣಿಕೆಯೆನ್ನುವಾಗ, ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ದುಂಡಗಿನ ಒಂದು ಕಣವು ಕಂಡಿತು. ಅದರೊಳಗೆ ಕರಿಯ ಚುಕ್ಕೆಗಳು. ಅಂತಹ ಚುಕ್ಕೆಗಳು ಮಲೇರಿಯದ ಕೀಟಾಣುವಿನಲ್ಲಿ ಮಾತ್ರ ಇರುವುವೆಂಬುದನ್ನು ರಾಸರು ಬಲ್ಲವರಾಗಿದ್ದರು. ಮರುದಿನ ಕೊನೆಯ ಸೊಳ್ಳೆಯನ್ನು ಸೀಳಿದರೆ ಅದೇ ಕಣಗಳು ಇನ್ನೂ ದೊಡ್ಡವಾಗಿದ್ದುವು. ಎಂದರೆ ಕೀಟಾಣುವು ಸೊಳ್ಳೆಯೊಳಗೆ ಬೆಳೆಯುತ್ತಿದೆ! ಆ ಸಂತೋಷದಲ್ಲಿ ರಾಸರು ಒಂದು ಪದ್ಯವನ್ನೇ ರಚಿಸಿದರು. ವರದಿಯು ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟನ್ನಿನ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗಸ್ಟ್ 20ನ್ನು ಇಂದಿಗೂ ಸೊಳ್ಳೆಯ ದಿನವೆಂದು ಲೋಕದಲ್ಲೆಲ್ಲ ಆಚರಿಸುತ್ತಾರೆ.

ಸರ್ಕಾರವು ಇದಕ್ಕೆ ಕೊಟ್ಟ ಬಹುಮಾನವು ವರ್ಗಾವಣೆ. ಮುಂದಿನ ತಿಂಗಳೇ ರಾಸರನ್ನು ರಾಜಪುತಾನದ ಖೇರ್ವಾಡಕ್ಕೆ ಅಟ್ಟಿದರು; ಅಲ್ಲಿ ಹುಡುಕಿದರೂ ಮಲೇರಿಯ ರೋಗಿ ಸಿಗುವುದು ದುರ್ಲಭ. ನಮ್ಮ ಗುಮಾಸ್ತ ಬಾಂಧವರಿಗೆ ಈ ನೋವು ಅರ್ಥವಾದೀತು. ಮ್ಯಾನ್ಸನ್ನರ ಪ್ರಯತ್ನದಿಂದ 1898ರಲ್ಲಿ ಕಲ್ಕತ್ತೆಗೆ ಬಂದ ಮೇಲೆ ಹಕ್ಕಿಗಳ ಮಲೇರಿಯವನ್ನು ಹಿಡಿದು ಉಳಿದರ್ಧವನ್ನು ಸಾಧಿಸಿದರು. ಮಹಮ್ಮದ್ ಬಕ್ಷ್, ಕಿಶೋರಿ ಮೋಹನ ಬಂದ್ಯೋಪಾಧ್ಯಾಯ ಎಂಬ ಸಹಾಯಕರು ಜೊತೆಗಿದ್ದರು. ಕೀಟಾಣುವು ಸೊಳ್ಳೆಯ ಹೊಟ್ಟೆಯಿಂದ ಅದರ ಜೊಲ್ಲಿನ ಗ್ರಂಥಿಗೆ ಸೇರುತ್ತದೆ, ಸೊಳ್ಳೆಯು ಕಚ್ಚುವಾಗ ಆ ಜೊಲ್ಲಿನ ಮೂಲಕ ಮುಂದಿನ ದೇಹವನ್ನು ಹೊಗುತ್ತದೆ ಎಂಬುದು ಅದೇ ಜುಲೈ ತಿಂಗಳಿನಲ್ಲಿ ಸಿದ್ಧವಾಯಿತು. ನೀರು ಕುಡಿದು ಬರುವ ರೋಗವಲ್ಲ, ಕಚ್ಚಿಸಿಕೊಂಡು ಬರುವ ರೋಗ. ಮನುಷ್ಯರ ಮಲೇರಿಯದಲ್ಲಿಯೂ ಇದೇ ಕ್ರಮವೆಂಬುದನ್ನು ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಅದೇ ವರ್ಷದ ಕೊನೆಗೆ ತೋರಿಸಿದರು. ಕೀರ್ತಿಯು ಯಾರಿಗೆ ಸಲ್ಲಬೇಕೆಂದು ರಾಸರಿಗೂ ಗ್ರಾಸಿಯವರಿಗೂ ನಡೆದ ಜಗಳವು ಇಬ್ಬರಿಗೂ ಶೋಭೆಯನ್ನು ತರಲಿಲ್ಲ. 1902ರಲ್ಲಿ ನೋಬೆಲ್ ಪಾರಿತೋಷಕವು ರಾಸರಿಗೆ ಬಂತು. ಬ್ರಿಟನ್ನಿನವರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. 1911ರಲ್ಲಿ ಸರ್ ಪದವಿಯು ದೊರೆಯಿತು.

ನಮಗೆ ಪಾರಿತೋಷಕಕ್ಕಿಂತ ಮುಖ್ಯವೆನಿಸುವುದು ಅನಂತರದ ಕೆಲಸ. 1899ರಲ್ಲಿ ಭಾರತದ ನೌಕರಿಯನ್ನು ಬಿಟ್ಟು ಲಿವರ್‌ಪೂಲಿನ ವೈದ್ಯ ಶಾಲೆಗೆ ಸೇರಿದ ರಾಸರು, ಊರೂರಿಗೆ ಸೊಳ್ಳೆ ನಿವಾರಣೆಯ ದಳಗಳು ಬೇಕೆಂದು ಸಾರಿದರು; ಆ ಬಗೆಗೆ 1902ರಲ್ಲಿ ಪುಸ್ತಕವನ್ನೂ ಬರೆದರು. ದಳದವರ ಕೆಲಸ ಸರಳ. ಹಳೆಯ ಡಬ್ಬ, ಒಡೆದ ಬಾಟಲಿಗಳನ್ನು ಹೆಕ್ಕಿ ಒಯ್ಯುವುದು, ಗುಂಡಿಗಳನ್ನು ಮುಚ್ಚುವುದು, ನಿಂತ ನೀರನ್ನು ಹರಿಯಿಸುವುದು, ಹರಿಯಲಾರದ ನೀರಿನ ಮೇಲೆ ಎಣ್ಣೆ ಹಾಕುವುದು. ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯ ನಗರದಲ್ಲಿ ಅವರ ಸಲಹೆಯಂತೆ ನಡೆದುಕೊಂಡದ್ದರಿಂದ ಕೆಲವೇ ವರ್ಷಗಳಲ್ಲಿ ಮಲೇರಿಯವು ಬಹುಮಟ್ಟಿಗೆ ಅಡಗಿತು. ಬೆಂಗಳೂರಿನ ಬಾನಿಯನ್ನು ಕವುಚಿಹಾಕಿದ ಕೈಯೇ ಇಲ್ಲಿಯೂ ಕೆಲಸ ಮಾಡಿತೆನ್ನಬೇಕು.

ಮಕ್ಕಳಿಗೂ ಈ ಕಥೆಗೂ ಇರುವ ಸಂಬಂಧವು 1907-08ರಲ್ಲಿ ಮಾರಿಷಸ್ ದ್ವೀಪಕ್ಕೆ ಅವರು ಹೋದಾಗ ಸ್ಪಷ್ಟವಾಗುತ್ತದೆ. ಒಂದು ಊರಿನಲ್ಲಿ ಮಲೇರಿಯ ಎಷ್ಟಿದೆಯೆಂದು ಅಳೆಯಬೇಕಾದರೆ ದೊಡ್ಡವರನ್ನು ಕೇಳಿ ಫಲವಿಲ್ಲ. ಬಾರಿಬಾರಿಗೂ ಜ್ವರ ಬಂದು ಅವರ ದೇಹವು ಒಂದಿಷ್ಟು ತಡೆದುಕೊಳ್ಳಲು ಕಲಿತಿರುತ್ತದೆ. ಎಳೆಯ ಮಕ್ಕಳಲ್ಲಿ ಮಾತ್ರ ಎಡಪಕ್ಕೆಯ ಕೆಳಗಿನ ಗುಲ್ಮವು ಊದಿಕೊಂಡು ಗಡ್ಡೆಯಂತೆ ಕೈಗೆ ಸಿಗುತ್ತದೆ. ಸಾವಿರಾರು ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡಿ, ಎಲ್ಲೆಲ್ಲಿ ರೋಗವು ಹೆಚ್ಚೆಂಬುದನ್ನು ಅಲ್ಲಿ ಲೆಕ್ಕ ಹಾಕಲಾಯಿತು. ಊರಿನ ಕೊಳೆಯನ್ನು ಮೈಮೇಲೆ ಬರೆದುಕೊಳ್ಳುವವರು ಕೂಸುಗಳು. ಇಂದಿಗೂ ಲೆಕ್ಕವು ಹಾಗೆಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಲೋಕದಲ್ಲಿ ಸುಮಾರು 6 ಲಕ್ಷ ಮಂದಿ ಮಲೇರಿಯದಿಂದ ಸತ್ತರು. ಅವರಲ್ಲಿ ಬಹುಪಾಲು ಆಫ್ರಿಕದ ಐದು ವರ್ಷದೊಳಗಿನ ಮಕ್ಕಳು. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಬಂದ ಕಾಲಕ್ಕೆ ವರ್ಷಕ್ಕೆ 8 ಲಕ್ಷ ಜನ ಇದಕ್ಕೆ ಬಲಿಯಾಗುತ್ತಿದ್ದರೆಂದು ಅಂದಾಜಿತ್ತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಿಂದ ಅದು ಬಹಳ ಇಳಿಯಿತು, ಅಳಿಯಲಿಲ್ಲ. ಮಂಗಳೂರಿನ ಕಡೆಯ ನಮ್ಮ ವಾಚಕರು, ಕಟ್ಟಡ ಕಟ್ಟುವಲ್ಲಿ ನಿಂತ ನೀರಿನಿಂದ ಅಲ್ಲಿ ಮಲೇರಿಯವು ಎಷ್ಟು ವರ್ಷ ಕಾಡಿತೆಂಬುದನ್ನು ಬಲ್ಲರು. 2021ರಲ್ಲಿಯೂ 2023ರಲ್ಲಿಯೂ ಮಕ್ಕಳಿಗಾಗಿ ಎರಡು ಲಸಿಕೆಗಳಿಗೆ ಆ ಸಂಸ್ಥೆಯು ಸಮ್ಮತಿಯಿತ್ತಿದೆ. ಎರಡನೆಯದು ತಯಾರಾಗುವುದು ಪುಣೆಯಲ್ಲಿ. ಆದರೆ ಇವು ಮುಖ್ಯವಾಗಿ ಆಫ್ರಿಕದ ಕೂಸುಗಳಿಗಾಗಿ ಇರುವುವು.

ನಾವು ವೈದ್ಯರಲ್ಲ. ಆದರೂ ತಿಳಿದವರಿಂದ ಅರಿತುಕೊಂಡ ಕೆಲವು ಸಂಗತಿಗಳನ್ನು ರಾಸರ ನೆಪದಲ್ಲಿ ಇಲ್ಲಿ ಹೇಳದಿದ್ದರೆ ಬರೆದೂ ವ್ಯರ್ಥ. ಮಲೇರಿಯದ ಸೊಳ್ಳೆಯು ರಾತ್ರಿ ಕಚ್ಚುವುದು. ಡೆಂಗಿಯ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದು. ಆದುದರಿಂದ ಮಧ್ಯಾಹ್ನ ತೊಟ್ಟಿಲಲ್ಲಿ ಮಲಗುವ ಕೂಸಿಗೂ ಸೊಳ್ಳೆಪರದೆಯು ಬೇಕು. ಜ್ವರ ಬಂದರೆ ಅಂಗಡಿಯಿಂದ ಆಸ್ಪಿರಿನ್ ಮಾತ್ರೆಯನ್ನು ತಂದು ಕೊಡಲೇಬಾರದು. ಡೆಂಗಿಯಾಗಿದ್ದರೆ ಅದು ರಕ್ತಸ್ರಾವಕ್ಕೆ ಎಡೆಮಾಡುತ್ತದೆ. ಪ್ಯಾರಾಸಿಟಮಾಲ್ ಕೊಡುವುದಾದರೂ ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ಡಾಕ್ಟರನ್ನು ಕೇಳಿಕೊಂಡು ಕೊಡಬೇಕು. ರಕ್ತ ಪರೀಕ್ಷೆ ಮಾಡಿಸಲು ತಡಮಾಡಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೆಳಗಾಗುವವರೆಗೂ ಕಾಯುವಂತಿಲ್ಲ. ಡೆಂಗಿಯಲ್ಲಿ ಜ್ವರವು ಇಳಿದಾಗಲೇ ಅಪಾಯವು ಏರುವ ಸಂಭವವುಂಟೆಂಬುದನ್ನು ಎಷ್ಟೋ ತಾಯ್ತಂದೆಯರು ಅರಿಯರು. ಜ್ವರ ಬಿಟ್ಟಿತೆಂದು ತಂದೆಯು ಕೆಲಸಕ್ಕೆ ಹೊರಟ ದಿನವೇ ಮಗುವು ಹೊಟ್ಟೆನೋವೆಂದು ಅಳುವುದು, ಮೇಲಿಂದ ಮೇಲೆ ವಾಂತಿ ಮಾಡುವುದು, ವಸಡು ಮೂಗುಗಳಿಂದ ರಕ್ತ ಒಸರುವುದು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಂಕಾಗಿ ಮಲಗುವುದು, ಇವುಗಳಲ್ಲಿ ಒಂದು ಕಂಡರೂ ಆ ಗಳಿಗೆಯೇ ಆಸ್ಪತ್ರೆಗೆ ಓಡಬೇಕು. ನಮ್ಮ ಊರಿನಲ್ಲಿ ಮಕ್ಕಳಿಗೆಂದೇ ರೆಡ್ ಹಿಲ್ಸ್‌ನಲ್ಲಿ ನಿಲೋಫರ್ ಆಸ್ಪತ್ರೆಯಿದೆ. ನಲ್ಲಕುಂಟದಲ್ಲಿ ಜನರು ಕೋರಂಟಿ ದವಾಖಾನೆಯೆನ್ನುವ ಜ್ವರದ ಆಸ್ಪತ್ರೆಯಿದೆ. ಅದಕ್ಕೆ ಇಟ್ಟಿರುವುದು ರಾಸರದೇ ಹೆಸರು. ಎರಡೂ ಸರ್ಕಾರದವು.

ಇನ್ನೊಂದು ಮಾತು. ನೀರಿನ ಪಾತ್ರೆಯು ಸೊಳ್ಳೆಯನ್ನು ಹುಟ್ಟಿಸುವುದು ಮಾತ್ರವಲ್ಲ, ಅಂಬೆಗಾಲಿಡುವ ಮಗುವನ್ನು ನುಂಗಲೂ ಬಲ್ಲದು. ಬಕೆಟ್ಟಿನೊಳಕ್ಕೆ ಬಗ್ಗಿ ತಲೆಕೆಳಗಾದ ಕೂಸು ತಾನಾಗಿ ಮೇಲೇಳಲಾರದು; ಗೇಣುದ್ದ ನೀರು ಸಾಕು, ಕೂಗೂ ಕೇಳಿಸದು. ಡ್ರಮ್ಮಿಗೂ ಸಂಪಿಗೂ ಬಿಗಿಯಾದ ಮುಚ್ಚಳವಿದ್ದರೆ ಸೊಳ್ಳೆಗೂ ಮಗುವಿಗೂ ಒಂದೇ ತಡೆಯಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಬಕೆಟ್ಟನ್ನು ಬರಿದು ಮಾಡಿ ಕವುಚಿಡಬೇಕು. ಸೀಮೆಎಣ್ಣೆಯನ್ನೂ ಸೊಳ್ಳೆ ಓಡಿಸುವ ದ್ರವವನ್ನೂ ಸೋಡಾ ಶರಬತ್ತಿನ ಬಾಟಲಿಯಲ್ಲಿ ತುಂಬಿಸಿಡುವ ದುರಭ್ಯಾಸವು ನಮ್ಮ ಹೋಟೆಲುಗಳಿಂದ ಮನೆಗಳಿಗೂ ಹಬ್ಬಿದೆ. ಮಗುವು ಅದನ್ನು ಕುಡಿದುಬಿಟ್ಟರೆ ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸಕೂಡದು; ಎಣ್ಣೆಯು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಸಂಚಕಾರ ತಂದೀತು. ಬಾಟಲಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ರಾಸರ ಮುಪ್ಪು ಸುಖದ್ದಾಗಿರಲಿಲ್ಲ. ಹಿರಿಯ ಮಗನು 1914ರ ಆಗಸ್ಟಿನಲ್ಲಿ, ಮಹಾಯುದ್ಧದ ಮೊದಲ ತಿಂಗಳಿನಲ್ಲಿಯೇ, ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಲಕ್ಷಾಂತರ ಮಂದಿಯ ಮಕ್ಕಳನ್ನು ಉಳಿಸುವ ದಾರಿಯನ್ನು ಕಂಡವರಿಗೆ ಈ ಗತಿಯಾಯಿತು. ಸರ್ಕಾರವು ತಮ್ಮ ಶ್ರಮಕ್ಕೆ ತಕ್ಕ ಪ್ರತಿಫಲವನ್ನು ಕೊಡಲಿಲ್ಲವೆಂಬ ಕೊರಗು ಅವರನ್ನು ಕೊನೆತನಕ ಬಿಡಲಿಲ್ಲ. 1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆಯೇನೋ ತೆರೆಯಿತು. ಆದರೆ 1928ರಲ್ಲಿ ಸಂಸಾರದ ಸಲುವಾಗಿ ತಮ್ಮ ಕಾಗದ ಪತ್ರಗಳನ್ನೇ ಮಾರಾಟಕ್ಕೆ ಇಟ್ಟರು, ಶ್ರೀಮಂತ ಮಹಿಳೆಯೊಬ್ಬರು 2,000 ಪೌಂಡಿಗೆ ಕೊಂಡರು. 1931ರಲ್ಲಿ ಪತ್ನಿಯು ತೀರಿಕೊಂಡರು. 1932ನೆಯ ಇಸವಿ ಸಪ್ಟೆಂಬರ್ 16ರಂದು ರಾಸರು ತಮ್ಮ ಹೆಸರಿನ ಆ ಸಂಸ್ಥೆಯಲ್ಲಿಯೇ ನಿಧನರಾದರು.

ಬೇಗಂಪೇಟೆಯ ಕಟ್ಟಡವು ಹಳೆಯ ವಿಮಾನ ನಿಲ್ದಾಣದ ಬಳಿ ಈಗಲೂ ನಿಂತಿದೆ, ಉಸ್ಮಾನಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಆ ದಾರಿಯಾಗಿ ಹೋಗುವವರು, ಹತ್ತಾಣೆಗೆ ಸೊಳ್ಳೆಯಿಂದ ಕಚ್ಚಿಸಿಕೊಂಡ ಹುಸೇನ್ ಖಾನನ ಹೆಸರನ್ನೂ ಮಕ್ಕಳಿಗೆ ಹೇಳಬಹುದು.